ಅತ್ತೆಯ ಕೋಣೆ ಹೋದದ್ದು

ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ನಿಘಂಟು ಕಚೇರಿಯಲ್ಲೇ ಸವೆದವಳು. ಅಲ್ಲಿ ಒಂದೊಂದು ಪದಕ್ಕೂ ಒಂದೊಂದು ಕಾರ್ಡು. ಪದದ ಮೂಲ ಯಾವುದು, ಅರ್ಥವೇನು, ಎಲ್ಲವನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆಯಬೇಕು. ಸಂಜೆ ಸೋತು ಸುಣ್ಣವಾಗಿ ಬಂದರೂ ತಲೆಯಲ್ಲಿ ಅದೇ ಗುಂಗು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರು ಚಿಲ್ಲರೆ ಕೇಳಿದ್ದಕ್ಕೆ ಆ ಪದ ಎಲ್ಲಿಂದ ಬಂತೆಂದು ವಿವರಿಸುತ್ತಾ ತನ್ನ ಸ್ಟಾಪನ್ನೇ ದಾಟಿಹೋಗಿದ್ದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ನಮ್ಮ ಮನೆಯ ಹಿಂಬದಿಯ ಪುಟ್ಟ ಕೋಣೆ ಅವಳದು. ಒಂದು ಮಂಚ, ಮೇಜು, ಕಿಟಕಿ. ಮದುವೆಯಾಗಲಿಲ್ಲ, ಬೇರೆ ಮನೆ ಮಾಡಲಿಲ್ಲ. ಬಾಗಿಲು ಹಾಕಿಕೊಂಡು, ಯಾರಿಗೂ ಉತ್ತರ ಹೇಳದೆ ಕೂರಬಹುದಾದ ಜಾಗ ಅವಳಿಗೆ ಅದೊಂದೇ ಆಗಿತ್ತು.

ಅಣ್ಣನ ಮದುವೆ ಗೊತ್ತಾದ ಮೇಲೆ ಅಪ್ಪನ ಕಣ್ಣು ಆ ಕೋಣೆಯ ಮೇಲೆ ಬಿತ್ತು. ನೇರವಾಗಿ ಕೇಳುವ ಜಾಯಮಾನ ಅವನದಲ್ಲ. ಊಟಕ್ಕೆ ಕೂತಾಗ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಶುರುಮಾಡಿದ.

"ಅಕ್ಕಾ, ಹಿಂದಿನ ಕೋಣೆ ಯಾರ ಸ್ವಂತ ಆಸ್ತೀನೂ ಅಲ್ಲ, ಅಲ್ವಾ?"

ಅತ್ತೆ ಅಂದು ಬೆಳಿಗ್ಗೆಯಿಂದ ‘ಆಸ್ತಿ’ ಪದದ ಕಾರ್ಡಿನಲ್ಲೇ ಮುಳುಗಿದ್ದವಳು. ದಣಿದ ಮುಖ ಅರಳಿತು.

"ಆಸ್ತಿ ಬಂದಿರೋದು ಸಂಸ್ಕೃತದ ‘ಅಸ್ತಿ’ಯಿಂದ ಕಣೋ. ಹಾಗಂದ್ರೆ ‘ಇದೆ’ ಅಂತ, ಅಷ್ಟೇ. ಯಾರದ್ದು ಅನ್ನೋ ಮಾತೇ ಅದ್ರಲ್ಲಿ ಇಲ್ಲ ನೋಡು."

"ಹಂಗಾದ್ರೆ ಸರಿ ಬಿಡು," ಎಂದು ಅಪ್ಪ ಕೈತೊಳೆಯಲು ಎದ್ದ.

ಮರುದಿನ ಅವಳು ಕಚೇರಿಯಿಂದ ಬರುವಷ್ಟರಲ್ಲಿ ಮಂಚ ಹಾಲಿಗೆ, ಟಿವಿಯ ಎದುರಿಗೆ ಬಂದಿತ್ತು. ಕೋಣೆಯಲ್ಲಿ ಪೇಂಟರು ಆಗಲೇ ಎರಡನೇ ಕೋಟ್ ಹೊಡೆಯುತ್ತಿದ್ದ. ಅತ್ತೆ ಹೆಗಲಿನ ಚೀಲವನ್ನೂ ಇಳಿಸದೆ ಮಂಚದ ತುದಿಯಲ್ಲಿ ಕೂತಳು. ನನಗೆ ಮೈಯೆಲ್ಲ ಉರಿಯಿತು.

"ಆಗಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ಅತ್ತೆ ನಿಂಗೆ?"

"ಪದದ ಬಗ್ಗೆ ಕೇಳ್ತಿದ್ದಾನೆ ಅಂದ್ಕೊಂಡೆ ಕಣೇ. ಇಷ್ಟು ವರ್ಷಕ್ಕೆ ನನ್ನ ಕೆಲಸದ ಬಗ್ಗೆ ಒಂದು ಸಲ ಕೇಳಿದ್ನಲ್ಲಾ ಅಂತ ಖುಷಿಯಾಗೋಯ್ತು."

ಅಷ್ಟರಲ್ಲಿ ಒಳಗೆ ಬಂದ ಅಪ್ಪ, "ನೀನೇ ಹೇಳಿದ್ಯಲ್ಲಕ್ಕಾ," ಎಂದ.

"ಆ ಕೋಣೆ ನಂಗೆ ಬೇಕಿತ್ತು ಕಣೋ," ಎಂದಳು ಅತ್ತೆ. ಜಗಳದ ದನಿಯಲ್ಲ, ಸುಸ್ತಾದ ದನಿ. ಬೇಕು ಎನ್ನುವ ಮಾತನ್ನು ಅವಳ ಬಾಯಲ್ಲಿ ನಾನು ಅದುವರೆಗೆ ಕೇಳಿರಲಿಲ್ಲ, ಅಪ್ಪನೂ ಕೇಳಿರಲಿಕ್ಕಿಲ್ಲ.

ಆದರೂ ಮಂಚ ಹಿಂದಕ್ಕೆ ಹೋಗಲಿಲ್ಲ. ಅತ್ತೆ ಗೋಡೆಗೆ ಮುಖಮಾಡಿ ಮಲಗಿದಾಗ ಅಪ್ಪ ರಿಮೋಟು ಹುಡುಕಿ ಟಿವಿಯ ಸದ್ದು ಒಂದಿಷ್ಟು ಕಡಿಮೆ ಮಾಡಿದ. ಆರಿಸಲಿಲ್ಲ.