ಕಿಕ್ಕೇರಿ ಗಾಡಿಯ ಅಚ್ಚು

ತೊಂಬತ್ತೈದರ ಆಸುಪಾಸು. ನಮ್ಮ ತಾತನ ಕಾಲದ ಕರಿ ಕಾರು ಕಿರಂಗೂರಿನ ಮನೆಯಂಗಳದಲ್ಲಿ ಕಲ್ಲುಗಳ ಮೇಲೆ ಕೂತು ತಿಂಗಳುಗಳೇ ಆಗಿದ್ದವು. ಹಿಂದಿನ ಚಕ್ರಗಳ ಅಚ್ಚಿನ ಒಳಗೆ ಗೇರಿನ ಹಲ್ಲುಗಳು ಪುಡಿಯಾಗಿದ್ದವು. ಹೊರಮೈ ಮಾತ್ರ ನೆಟ್ಟಗಿತ್ತು. ಇದೇ ಅಳತೆಯ ಅಚ್ಚು ಸಿಕ್ಕರೆ ಉಂಟು, ಇಲ್ಲವಾದರೆ ಇಲ್ಲ ಎಂದ ಮೇಸ್ತ್ರಿ, ಚಕ್ರದಿಂದ ಚಕ್ರಕ್ಕೆ ದಾರ ಹಿಡಿದು, ಎರಡೂ ಕಡೆ ಗಂಟು ಹಾಕಿ ನನ್ನ ಕೈಗೆ ಕೊಟ್ಟಿದ್ದ. ಅಪ್ಪ ಬೇರೆ ಗಡುವು ಕೊಟ್ಟಿದ್ದರು.

“ಆಯುಧಪೂಜೆ ಒತ್ಗೆ ಓಡ್ನಿಲ್ಲ ಅಂದ್ರೆ ಗುಜರಿಗೆ ಆಕ್ಬುಡ್ತೀನಿ ಕಣಮ್ಮಿ. ಕಲ್ ಮ್ಯಾಲೆ ಕುಂತಿರೋ ಕಾರ್ಗೆ ನಾನು ಕುಂಬಳಕಾಯಿ ಒಡೆಯಕಿಲ್ಲ.”

ನಾನು ಸ್ಟೇರಿಂಗ್ ಹಿಡಿಯಲು ಕಲಿತದ್ದು ಆ ಕಾರಿನಲ್ಲೇ. ಬೀದಿಯಲ್ಲಿ ಕಾರು ಓಡಿಸುವ ಹೆಣ್ಣು ನಾನೊಬ್ಬಳೇ ಎಂಬ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ. ಅದನ್ನು ಗುಜರಿಗೆ ಬಿಡಲು ನನಗೆ ಮನಸ್ಸಿರಲಿಲ್ಲ.

ದಾರ ಹಿಡಿದು ಶ್ರೀರಂಗಪಟ್ಟಣ, ಪಾಂಡವಪುರ ಸುತ್ತಿದೆ. ನಾಗಮಂಗಲದಲ್ಲಿ ಸಿಕ್ಕ ಅಚ್ಚು ಗೇಣುದ್ದ ಗಿಡ್ಡ. ಕೊನೆಗೊಂದು ಶನಿವಾರ ಕಿಕ್ಕೇರಿಯಲ್ಲಿ ಬಸ್ಸಿಳಿದರೆ, ಕಬ್ಬು ಇಳಿಸಿದ ಟೈರಿನ ಎತ್ತಿನಗಾಡಿ ಎದುರಿಗೆ ಬರುತ್ತಿತ್ತು. ಹಳೆ ಕಾರಿನ ಅಚ್ಚು ಕೊನೆಗೆ ಇಂಥ ಗಾಡಿಯ ಕೆಳಗೆ ಸೇರುವುದು ನಮ್ಮ ಕಡೆ ಮಾಮೂಲು. ಬಗ್ಗಿ ನೋಡಿದೆ. ನಡುವೆ ನಮ್ಮ ಕಾರಿನ ಅಚ್ಚಿಗಿದ್ದಂಥದೇ ಗುಂಡನೆಯ ಹೊಟ್ಟೆ! ದಾರ ಹಿಡಿದೆ, ಗಂಟಿಗೆ ಗಂಟು ಸರಿಯಾಗಿ ಕೂತಿತು. ಗಾಡಿಯವರು ಅಪ್ಪನ ವಯಸ್ಸಿನವರು. ನನ್ನ ಕಾರಿನ ಕಥೆ ಕೇಳಿದ್ದೇ ಎತ್ತು ಬಿಚ್ಚಿ, ದಿಮ್ಮಿ ಕೊಟ್ಟು ಗಾಡಿ ಎತ್ತಿದರು. ಒಂದು ಚಕ್ರ ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ತಿರುಗಿತು. ಒಳಗಿನ ಹಲ್ಲು ಗಟ್ಟಿಯಾಗಿವೆ ಎಂದರ್ಥ.

“ನಿನ್ ಕಾರು ಓಡ್ಲಿ, ತಗಂಡೋಗವ್ವ. ನಾನು ಬ್ಯಾರೆದು ನೋಡ್ಕತೀನಿ,” ಎಂದುಬಿಟ್ಟರು.

ಆದರೆ ಅಂದು ಶನಿವಾರ. ಶನಿವಾರ ಕಬ್ಬಿಣ ಹೊತ್ತು ಬಂದರೆ ಅಮ್ಮ ನನ್ನನ್ನೂ ಹೊಸಲು ದಾಟಿಸುತ್ತಿರಲಿಲ್ಲ. ನಾಳೆ ಬಂದು ಬಸ್ಸಿಗೆ ಹಾಕಿಕೊಂಡು ಹೋಗುತ್ತೇನೆ ಎಂದು ಹೇಳಿ ಬಂದೆ.

ಭಾನುವಾರ ಹೋದಾಗ ಅವರು ನಗುನಗುತ್ತ ಕೊಟ್ಟಿಗೆಗೆ ಕರೆದೊಯ್ದರು. ಅಚ್ಚು ಎರಡು ತುಂಡಾಗಿ ಗೋಡೆಗೆ ಒರಗಿತ್ತು.

ನಾನು ಬಗ್ಗಿ ಕುಯ್ದ ಜಾಗ ಮುಟ್ಟಿ ನೋಡಿದೆ.

“ಅಷ್ಟುದ್ದದ್ನ ಕಂಡಕ್ಟ್ರು ಬಸ್ಗೆ ಅತ್ತಿಸ್ಕತಾನಾ? ಅದ್ಕೇ ನಿನ್ನೇನೇ ಕುಯ್ಸಿ ಮಡಗ್ದೆ ಕಣವ್ವ. ಊರ್ಗೋಗಿ ಬೆಸ್ಗೆ ಆಕ್ಸ್ಕಂಡ್ರಾಯ್ತು. ನಾವು ಗಾಡಿಗೆ ಆಕ್ಸಕಿಲ್ವಾ?”

ಗಾಡಿಯ ಅಚ್ಚಿಗೆ ಬೆಸುಗೆ ಸಾಕು. ಕಾರಿನ ಅಚ್ಚಿನೊಳಗೆ ತಿರುಗುವ ಸರಳು ಒಮ್ಮೆ ತುಂಡಾದರೆ ಮುಗಿಯಿತು. ಎಂಥ ಮಂಕುತನ ಎಂದು ಸಿಟ್ಟು ನೆತ್ತಿಗೇರಿ, ಬೈಯಲು ಬಾಯಿ ತೆರೆದೆ. ಆಗ ಅವರ ಬೆನ್ನ ಹಿಂದೆ ಗಾಡಿ ಕಂಡಿತು. ಕಬ್ಬು ಸಾಗಿಸುವ ಕಾಲದಲ್ಲಿ, ಚಕ್ರವಿಲ್ಲದೆ, ನಮ್ಮ ಕಾರಿನ ಹಾಗೆಯೇ ಕಲ್ಲುಗಳ ಮೇಲೆ ಕೂತಿತ್ತು. ತೆರೆದ ಬಾಯಿ ಮುಚ್ಚಿಕೊಂಡೆ.

ಮನೆಗೆ ಬಂದು ಅಪ್ಪನ ಮುಂದೆ ಅತ್ತೆ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಗಾಡಿ ಕಲ್ಲಿನ ಮೇಲಿದೆಯಾ ಎಂದಷ್ಟೇ ಕೇಳಿದರು. ಮರುದಿನ ಮೇಸ್ತ್ರಿಯನ್ನು ಕರೆಸಿ, ನಮ್ಮ ಕಾರಿನ ಅಚ್ಚನ್ನೇ ಬಿಚ್ಚಿಸಿ ಟ್ರಾಕ್ಟರಿಗೆ ಹೇರಿಸಿದರು.

“ಅಪ್ಪಾ, ಕಾರು?”

“ಎತ್ತು ಎಳ್ಯೋ ಗಾಡಿಗೆ ಒಳಗ್ಲ ಅಲ್ಲು ಯಾಕಮ್ಮಿ? ಅಳ್ತೆ ಒಂದೇ ಅಂತ ನೀನೇ ದಾರ ಇಡ್ದು ನೋಡಿದ್ದೀಯಲ್ಲ.”

ಆ ವರ್ಷದ ಆಯುಧಪೂಜೆಗೆ ಅಪ್ಪ ಕುಂಬಳಕಾಯಿ ಒಡೆದದ್ದು ಕಿಕ್ಕೇರಿಯಲ್ಲಿ, ಆ ಗಾಡಿಯ ಮುಂದೆ. ಎತ್ತುಗಳು ಹೆಜ್ಜೆ ಇಟ್ಟವು, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಯಿತು, ನಮ್ಮ ಕಾರಿನ ಅಚ್ಚು ಮತ್ತೆ ಉರುಳಿತು. ಗುಜರಿಯವನು ಮಾರನೆಯ ದಿನ ಬಂದ.