ಸೊಸೆಗೆ ಹಿಡಿಯಲು ಕೊಟ್ಟ ಟವಲು

ಸೊಸೆಗೆ ಆಗ ಏಳು ತಿಂಗಳು. ಕೊಳ್ಳೇಗಾಲದಲ್ಲಿ ಸ್ಕ್ಯಾನಿಂಗ್ ಇತ್ತು. ಕಾಡಿನ ಕ್ಯಾಂಪಿನಲ್ಲಿ ವಾಚರ್ ಆಗಿದ್ದ ಮಗನಿಗೆ ರಜೆ ಸಿಗಲಿಲ್ಲ, ಬೆಳಗಿನ ಬಸ್ಸೂ ಬರಲಿಲ್ಲ. ಮಾರ್ಟಳ್ಳಿಯಿಂದ ಅಷ್ಟು ದೂರ ಅವಳನ್ನು ಬೈಕಿನಲ್ಲಿ ಕರೆದೊಯ್ಯುವುದು ನನ್ನ ತಲೆಯ ಮೇಲೆ ಬಿತ್ತು.

ನಾನು ಹಾಗೇ ಎದ್ದು ಹೊರಡುವವನಲ್ಲ. ಕುಲುಕದಿರಲಿ ಎಂದು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಸೀಟಿಗೆ ಹಗ್ಗದಿಂದ ಬಿಗಿದೆ. "ಮದ್ವೆ ಗಂಡಿನ್ ಕುದ್ರೆ ಆಯ್ತು," ಎಂದು ಹೆಂಡತಿ ನಕ್ಕಳು. ನನಗೆ ನಗು ಬರಲಿಲ್ಲ. ಹಗ್ಗದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದೆ.

ಸೊಸೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತಳು. ನಮ್ಮಲ್ಲಿ ಸೊಸೆ ಮಾವನ ಮೈ ಮುಟ್ಟುವುದಿಲ್ಲ. ಎದುರಿಗೆ ಕುರ್ಚಿಯಲ್ಲಿ ಕೂರುವುದೂ ಇಲ್ಲ. ನಡುವೆ ಒಂದು ಗೇಣು ಜಾಗ ಬಿಟ್ಟು, ಸೀಟಿನ ಹಿಂದಿನ ಕಂಬಿ ಹಿಡಿದಳು. ಪ್ರತಿ ಹಳ್ಳಕ್ಕೂ ಕೇಳುತ್ತಿದ್ದೆ: "ಸರ್ಯಾಗ್ ಕೂತಿದ್ದೀಯೇನವ್ವ?"

"ಊ, ಮಾವ."

ಅಂದರೂ ಭಯ, ಅನ್ನದಿದ್ದರೂ ಭಯ. ರಸ್ತೆಗಿಂತ ಕನ್ನಡಿಯನ್ನೇ ಹೆಚ್ಚು ನೋಡಿದೆ.

ಕೌದಳ್ಳಿ ಹತ್ತಿರ ಉತ್ತರವೇ ಬರಲಿಲ್ಲ. ಗಾಡಿ ನಿಲ್ಲಿಸಿದೆ. ಅವಳ ಮುಖವೆಲ್ಲ ಬೆವೆತಿತ್ತು, ಅಂಗೈಯಲ್ಲಿ ಕಂಬಿಯ ಗುರುತು ಕೆಂಪಗೆ ಮೂಡಿತ್ತು.

"ಕಂಬ್ಳಿ ಜಾರ್ತದ ಮಾವ. ಕಾಲೂ ಎಟ್ಕಲ್ಲ."

ಮೆತ್ತಗಿರಲಿ ಎಂದು ನಾನು ಕಟ್ಟಿದ ಕಂಬಳಿಯೇ ಅವಳನ್ನು ಮೇಲಕ್ಕೆತ್ತಿ ಕಾಲಿಗೆ ಆಸರೆ ತಪ್ಪಿಸಿತ್ತು. ಅಷ್ಟು ದೂರವೂ ಕೈಬಲದ ಮೇಲೆಯೇ ಕೂತಿದ್ದಳು.

"ಮೊದ್ಲೇ ಯೇಳಾಕಾಗ್ನಿಲ್ವಾ?" ಎಂದು ರೇಗಿದೆ.

"ನೀವ್ ಅಷ್ಟು ಆಸೆಯಿಂದ ಕಟ್ಟಿದ್ರಿ," ಎಂದು ತಲೆ ತಗ್ಗಿಸಿದಳು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಕಂಬಳಿ ಬಿಚ್ಚಿದೆ. ಹೆಗಲ ಮೇಲಿನ ಟವಲನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿ, ಉದ್ದನೆಯ ತುದಿಯನ್ನು ಅವಳ ಕೈಗೆ ಕೊಟ್ಟೆ. "ನನ್ನ ಮುಟ್ಬೇಡ. ಇದ್ನ ಇಡ್ಕೊ."

ಆಮೇಲೆ ಕೇಳುವುದನ್ನು ಬಿಟ್ಟೆ. ಟವಲು ಬಿಗಿಯಾಗಿರುವ ತನಕ ಅವಳು ಹಿಂದೆ ಇದ್ದಾಳೆ ಎಂದು ಲೆಕ್ಕ.

ಹನೂರು ದಾಟಿದ ಮೇಲೆ ಒಂದು ಆಡು ರಸ್ತೆಗೆ ನುಗ್ಗಿತು. ಬ್ರೇಕ್ ಒತ್ತಿದೆ. ಸೊಂಟದ ಟವಲು ಸಡಿಲವಾಯಿತು. ಕನ್ನಡಿ ನೋಡುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಒಂದು ಕೈ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿಯಿತು.

"ತಪ್ಪಾಯ್ತು ಮಾವ," ಎಂದು ಸೊಸೆ ಕೈ ತೆಗೆಯಹೋದಳು.

"ತೆಗೀಬೇಡ ಕಣವ್ವ," ಎಂದೆ.

ಕೊಳ್ಳೇಗಾಲದ ಆಸ್ಪತ್ರೆ ಬಾಗಿಲವರೆಗೂ ಆ ಕೈ ಅಲ್ಲೇ ಇತ್ತು.