ಪೆಸ್ಯಾ ಇಟ್ಟ ಊರ ಹೆಸರು

ಪೆಸ್ಯಾ ಜಗಳಗಂಟಿ ಅಂತ ಯಾರಾದರೂ ಅಂದರೆ ನನಗೆ ಮೈ ಉರಿಯುತ್ತೆ. ಜಗಳಗಂಟಿ ಹೌದು, ನಾನೇ ಹತ್ತು ಸಲ ಅವಳ ಕೈಲಿ ಬೈಸಿಕೊಂಡಿದ್ದೀನಿ. ಆದರೆ ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಇವತ್ತು ಅವಳನ್ನ ಆಡಿಕೊಳ್ಳೋಕೆ ಈ ಊರೇ ಇರ್ತಿರಲಿಲ್ಲ.

ರುಮೇನಿಯಾದಿಂದ ಹಡಗಲ್ಲಿ ಬಂದ ನಮ್ಮ ನಲವತ್ತು ಯೆಹೂದಿ ಮನೆಯವರನ್ನ ಲಾರಿಯಲ್ಲಿ ತಂದು ನೆಗೆವ್ ಮರಳುಗಾಡಲ್ಲಿ ಇಳಿಸಿದಾಗ ಊರ ಹೆಸರಿನ ಬೋರ್ಡು ಆಗಲೇ ನೆಟ್ಟಾಗಿತ್ತು: ಐನ್ ಮತೋಕ್. ಸಿಹಿನೀರಿನ ಬುಗ್ಗೆ ಅಂತ ಅರ್ಥ. ಪೆಸ್ಯಾ ಕೊಳವೆಬಾವಿಯ ನೀರು ಒಂದು ಬೊಗಸೆ ಬಾಯಿಗೆ ಹಾಕಿಕೊಂಡವಳೇ ಥೂ ಅಂತ ಉಗಿದಳು. "ಈ ಹೆಸರಿಟ್ಟ ಪುಣ್ಯಾತ್ಮ ಇಲ್ಲಿಗೆ ಒಂದ್ಸಲನಾದ್ರೂ ಬಂದಿದ್ನೇನ್ರೋ?"

ಮೂರು ವರ್ಷ ಅದನ್ನೇ ಕುಡಿದೆವು. ಮೊದಲು ಉಪ್ಪು, ಹಿಂದೇನೇ ಕಹಿ. ಟೊಮೇಟೊ ಗಿಡ ನಿಂತಲ್ಲೇ ಸುಟ್ಟುಹೋಗೋವು. ಪೆಸ್ಯಾಳ ಮೊಮ್ಮಗಳು ಹಿಂದಾ, ಏಳು ತಿಂಗಳ ಕೂಸು, ಭೇದಿ ಹತ್ತಿ ಕಡ್ಡಿಯಾಗಿಬಿಟ್ಟಿತು. ಡಾಕ್ಟರು ಈ ನೀರು ಕೊಡಲೇಬೇಡಿ ಅಂದರು. ಬೇರೆ ನೀರು ಎಲ್ಲಿಂದ ತರೋದು? ಹನ್ನೊಂದು ಕಿಲೋಮೀಟರು ಆಚೆ ಒಳ್ಳೇ ನೀರಿನ ಪೈಪು ಹೋಗುತ್ತಿತ್ತು. ಅದನ್ನ ಇಲ್ಲಿಗೂ ಎಳೆಸಿ ಅಂತ ಅರ್ಜಿ ಕೊಟ್ಟರೆ ನೀರಿನ ಕಚೇರಿಯಿಂದ ಬಂದ ಉತ್ತರ ಕೇಳಿ: ದಾಖಲೆ ಪ್ರಕಾರ ನಿಮ್ಮ ನೀರು ಸಿಹಿಯಾಗಿದೆ!

ಪೆಸ್ಯಾ ಬಣ್ಣದ ಡಬ್ಬಿ ಹಿಡಿದು ಹೋದಳು. ಬೋರ್ಡಿನ ಮೇಲೆ ದಪ್ಪಗೆ "ಮಾರಾ" ಅಂತ ಬರೆದಳು. ಮಾರಾ ಅಂದರೆ ಕಹಿ. ಧರ್ಮಗ್ರಂಥದಲ್ಲಿ ಬರೋ ಆ ಹೆಸರಿನ ಕಥೆ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಮೋಶೆಯ ಹಿಂದೆ ಸಮುದ್ರ ದಾಟಿದ ನಮ್ಮ ಹಿರಿಯರು ಮೂರು ದಿನ ನೀರಿಲ್ಲದೆ ನಡೆದರು. ಕೊನೆಗೆ ನೀರು ಕಂಡರೆ ಕುಡಿಯೋಕಾಗದ ಕಹಿ. ಅದಕ್ಕೇ ಆ ಜಾಗಕ್ಕೆ ಆ ಹೆಸರು. ಎಲ್ಲರೂ ಗೊಣಗಿದರು, ದೇವರು ಒಂದು ಮರ ತೋರಿಸಿದ, ಮೋಶೆ ಅದನ್ನ ನೀರಿಗೆ ಹಾಕಿದ, ನೀರು ಸಿಹಿಯಾಯಿತು.

ಕಚೇರಿಯವರು ಬಂದು ಅಳಿಸಿದರು, ಇವಳು ಮತ್ತೆ ಬರೆದಳು. ಹೀಗೇ ನಾಲ್ಕು ಸಲ. ಆಮೇಲೆ ನಮ್ಮನ್ನ ಸಮಾಧಾನ ಮಾಡೋಕೆ ಕಚೇರಿಯ ದೊಡ್ಡ ಸಾಹೇಬರು ಲಿಫ್ಕಿನ್ ಅನ್ನೋರು ಒಂದು ಶುಕ್ರವಾರ ಬಂದು, ಮಾರನೇ ದಿನದ ಸಬ್ಬತ್‌ಗೆ, ನಮ್ಮ ಶನಿವಾರದ ವಿಶ್ರಾಂತಿಗೆ, ನಮ್ಮಲ್ಲೇ ಉಳಿದರು. ದೇವರ ಕಡೆ ಅವರು ಅಷ್ಟಕ್ಕಷ್ಟೆ. ಆ ವಾರ ಮಂದಿರದಲ್ಲಿ ಧರ್ಮಗ್ರಂಥದಿಂದ ಓದೋ ಭಾಗ ಮಾರಾದ ಕಥೆ ಅಂತ ಅವರಿಗೆ ಎಲ್ಲಿ ಗೊತ್ತಿರಬೇಕು!

ಶನಿವಾರ ಬೆಳಿಗ್ಗೆ ಸಭಾಮಂದಿರದಲ್ಲಿ ಅವರನ್ನ ಮುಂದೆ ಕೂರಿಸಿದ್ದೆವು. ಮಂದಿರದ ಸೇವೆ ನನ್ನದು. ಧರ್ಮಗ್ರಂಥ ಇಟ್ಟ ಕಪಾಟಿನ ಪರದೆ ಎಳೆಯೋಕೆ ಎದ್ದೆ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಪೆಸ್ಯಾ ದಬದಬ ಅಂತ ಬಂದು ಕಪಾಟಿಗೆ ಬೆನ್ನು ಕೊಟ್ಟು ನಿಂತಳು.

"ನ್ಯಾಯ ಸಿಗೋವರೆಗೂ ಓದೋಕೆ ಬಿಡಲ್ಲ."

ಅನ್ಯಾಯವಾದವರು ಹೀಗೆ ಓದು ತಡೆದು ನ್ಯಾಯ ಕೇಳೋದು ನಮ್ಮ ಹಳೇ ಪದ್ಧತಿ. ಇಲ್ಲಿಗೆ ಬಂದಮೇಲೆ ಯಾರೂ ಆ ಧೈರ್ಯ ಮಾಡಿರಲಿಲ್ಲ.

"ಪೆಸ್ಯಾ, ಪಕ್ಕಕ್ಕೆ ಬಾರಮ್ಮ" ಅಂದೆ.

"ಸುಮ್ನಿರೋ ಝೆಲ್ಮನ್! ನಿನ್ನ ಕೆಲಸ ಪರದೆ ಎಳೆಯೋದು, ಬಾಯಿ ಹಾಕೋದಲ್ಲ."

ಲಿಫ್ಕಿನ್ ನಕ್ಕರು. "ತಾಯಿ, ನಮ್ಮ ವರದಿಯಲ್ಲಿ…"

"ನಮ್ಮ ಹಿರಿಯರು ಮೂರೇ ದಿನಕ್ಕೆ ಗೊಣಗಿದ್ರು. ನಾವು ಮೂರು ವರ್ಷ ಕುಡಿದ್ವಿ. ಮೋಶೆ ಅವರಿಗೆ ವರದಿ ತೋರಿಸಿದ್ನೇನ್ರಿ?" ಬಾಗಿಲ ಹತ್ತಿರದ ನಲ್ಲಿಯಿಂದ ಒಂದು ಲೋಟ ನೀರು ಹಿಡಿಸಿ ತರಿಸಿದಳು. "ನನ್ನ ಮೊಮ್ಮಗಳು ಕುಡಿಯೋದು ಇದನ್ನೇ. ಕುಡೀರಿ."

ಒಂದು ಗುಟುಕು ಇಳಿಯಿತು. ಎರಡನೇದು ಇಳಿಯಲಿಲ್ಲ. ಅವರ ಮುಖ ನೋಡಬೇಕಿತ್ತು! ಗಾಬರಿಯಲ್ಲಿ ಜೇಬಿಗೆ ಕೈ ಹಾಕಿ ಪೆನ್ನು ತೆಗೆದರು. "ಬರೆದು ಕೊಡ್ತೀನಿ, ಈಗಲೇ ಬರೆದು ಕೊಡ್ತೀನಿ."

ಪೆನ್ನು ಮುಟ್ಟಬಾರದ ಸಬ್ಬತ್ ದಿನ ಬರೆಯೋದೇ! ಅದೂ ಕಪಾಟಿನ ಎದುರು! ಗಂಡಸರೆಲ್ಲ ಹೋ ಅಂತ ಎದ್ದರು. ಅವರೆಲ್ಲರಿಗಿಂತ ಮೇಲೆ ಪೆಸ್ಯಾಳ ಗಂಟಲು ಕೇಳಿಸಿತು. "ಒಳಗಿಡ್ರಿ ಅದನ್ನ! ನಿಮ್ಮ ಕಾಗದ ಬೇಕಾದಷ್ಟು ನೋಡಿದ್ದಾಯ್ತು. ಇಲ್ಲಿ ನಿಂತು ಬಾಯಲ್ಲಿ ಹೇಳಿ, ದೇವರೂ ಕೇಳಿಸ್ಕೊಳ್ಳಲಿ."

ಬೇಸಿಗೆಯೊಳಗೆ ಪೈಪು ಹಾಕಿಸ್ತೀನಿ ಅಂತ ಲಿಫ್ಕಿನ್ ಹೇಳಿದರು. ಪೆಸ್ಯಾ ಪಕ್ಕಕ್ಕೆ ಸರಿದಳು, ನಾನು ಪರದೆ ಎಳೆದೆ.

ಆಡಿದ ಮಾತು ಅವರು ಉಳಿಸಿಕೊಂಡರು, ಸುಳ್ಳು ಯಾಕೆ ಹೇಳಲಿ. ವಸಂತದಲ್ಲಿ ಬರೋ ಪಸ್ಕ ಹಬ್ಬ ಕಳೆದು ಐದನೇ ವಾರ ನಲ್ಲಿಯಲ್ಲಿ ಒಳ್ಳೇ ನೀರು ಬಂತು. ಹಿಂದಾಳ ಕೆನ್ನೆ ತುಂಬಿಕೊಂಡಿತು. ಅದಾದಮೇಲೆ ಒಂದು ದಿನ ಲಿಫ್ಕಿನ್ ಜೀಪಿನಲ್ಲಿ ಹೊಸ ಬೋರ್ಡು ತಂದರು. ಅದೇ ಐನ್ ಮತೋಕ್.

"ನೀರು ಸಿಹಿಯಾಯ್ತಲ್ಲಮ್ಮ, ಇನ್ನಾದ್ರೂ ಹೆಸರು ಬದಲಾಗಲಿ" ಅಂದರು.

ಪೆಸ್ಯಾ ಕೂಸನ್ನ ಕಂಕುಳಲ್ಲಿ ಎತ್ತಿಕೊಂಡು ತಾನು ಬರೆದ ಬೋರ್ಡಿಗೆ ಅಡ್ಡ ನಿಂತಳು. "ಅಲ್ಲೂ ನೀರು ಸಿಹಿಯಾಯ್ತು ಸ್ವಾಮಿ. ಮೋಶೆ ಆ ಜಾಗದ ಹೆಸರು ಬದಲಾಯಿಸಿದ್ನಾ?"

ಲಿಫ್ಕಿನ್ ನನ್ನ ಮುಖ ನೋಡಿದರು. ಜೀವಮಾನವೆಲ್ಲ ಆ ಗ್ರಂಥದ ಪಕ್ಕದಲ್ಲೇ ನಿಂತವನು ನಾನು.

"ಇಲ್ಲ ಸಾಹೇಬ್ರೆ" ಅಂದೆ. "ಇವತ್ತಿಗೂ ಅದು ಮಾರಾನೇ."